ಅಟ್ಟದ ಮೇಲೆ ಇಂಗ್ಲಿಷ್ ಕಾಳಗ

ನಮ್ಮೂರಿನ ರೇಣುಕಪ್ರಸಾದರು ಈ ಭೂಮಿಯ ಮೇಲೆ ಹೆದರುತ್ತಿದ್ದುದು ಎರಡೇ ಜೀವಿಗಳಿಗೆ. ಒಂದು ಚಿರತೆ, ಇನ್ನೊಂದು ಅವರ ಭಾವಮೈದುನ ಸೂರ್ಯಪ್ರಕಾಶ.

ಚಿರತೆಯ ಭಯಕ್ಕೆ ಕಾರಣವಿತ್ತು. ನೊಣವಿನಕೆರೆ ಸುತ್ತಿನ ತೋಟಗಳಲ್ಲಿ ಅದು ಆಗಾಗ ಕಾಣಿಸಿಕೊಳ್ಳುವುದು, ದಬ್ಬೇಘಟ್ಟದ ಕಡೆ ಯಾರದೋ ನಾಯಿ ಕಾಣೆಯಾಗುವುದು, ಮರುದಿನ ಎಲ್ಲರ ಮೊಬೈಲಿನಲ್ಲೂ ಹೆಜ್ಜೆಗುರುತಿನ ಫೋಟೋ ಬರುವುದು ಈಗ ಮಾಮೂಲು. ಹೊತ್ತು ಮುಳುಗಿದ ಮೇಲೆ ರೇಣುಕಪ್ರಸಾದರು ತೋಟಕ್ಕೆ ಹೋಗುವ ಮಾತಿರಲಿ, ಹಿತ್ತಲಿಗೆ ಹೋಗಬೇಕಾದರೂ ಹೆಂಡತಿ ಮಂಗಳಮ್ಮನನ್ನು ಮುಂದೆ ಬಿಟ್ಟುಕೊಂಡು ಹೋಗುತ್ತಿದ್ದರು. "ಈಗಿನ ಕಾಲದಾಗೆ ಹೆಂಗಸ್ರು ಮುಂದಿರಬೇಕು ಕಣೇ" ಎಂದು ಅದಕ್ಕೊಂದು ನ್ಯಾಯವನ್ನೂ ಹೇಳುತ್ತಿದ್ದರು.

ಸೂರ್ಯಪ್ರಕಾಶನ ಭಯಕ್ಕೆ ಕಾರಣ ಇಂಗ್ಲಿಷ್. ತುರುವೇಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಅವನು ಗೊಬ್ಬರದ ಚೀಲದ ಮೇಲಿನ ಅಕ್ಷರವನ್ನೆಲ್ಲ ಓದಿ ಓದಿ ಆ ಭಾಷೆಯನ್ನು ವಶಪಡಿಸಿಕೊಂಡಿದ್ದ. ನಮ್ಮೂರ ತೆಂಗು ಬೆಳೆಗಾರರ ಸಂಘಕ್ಕೆ ರೇಣುಕಪ್ರಸಾದರು ಅಧ್ಯಕ್ಷರು, ಅವನು ಉಪಾಧ್ಯಕ್ಷ. ಅವನ ಹೊಸ ಮನೆಯ ಗೃಹಪ್ರವೇಶದ ಪಂಕ್ತಿಯಲ್ಲಿ, ಎಲ್ಲರ ಎಲೆಗೂ ಹೋಳಿಗೆ ಬೀಳುತ್ತಿದ್ದ ಸಮಯ ನೋಡಿ ಅವನು ಮಾತು ತೆಗೆದ.

"ಭಾವಾ, ಸಂಘದ ಸಭೆಗೆ ದೊಡ್ಡ ವಿಜ್ಞಾನಿ ಬತ್ತಾವ್ರಂತೆ. ಕನ್ನಡದ ಗಂಧವೇ ಇಲ್ವಂತೆ. ಸ್ವಾಗತ ಭಾಷಣ ನಾನೇ ಮಾಡ್ತೀನಿ ಬುಡಿ. ಅಧ್ಯಕ್ಷರು ನೀವೇ ಆದ್ರೂ ಪಾಪ, ನಿಮಗೆಲ್ಲಿ ಬತ್ತದೆ ಇಂಗ್ಲೀಷು."

ಪಂಕ್ತಿಯ ತುಂಬ ಕಿಸಿಕಿಸಿ ನಗು. ಹೋಳಿಗೆಯ ಮೇಲೆ ತುಪ್ಪ ಬಿದ್ದರೆ ಮನುಷ್ಯನಿಗೆ ಧೈರ್ಯ ಬರುತ್ತದೆ ಎಂಬುದು ನನ್ನ ಅನುಭವ. ರೇಣುಕಪ್ರಸಾದರಿಗೂ ಬಂತು. "ನಾನೇ ಮಾಡ್ತೀನಿ ಕಣ್ಲಾ, ಇಂಗ್ಲೀಷಲ್ಲೇ ಮಾಡ್ತೀನಿ. ಮಾಡ್ದೆ ಹೋದ್ರೆ ಅಧ್ಯಕ್ಷಗಿರಿ ನಿಂಗೇ ಬುಟ್ಕೊಟ್ಟು, ನಿನ್ನ ಅಂಗಡೀಲಿ ಗೊಬ್ಬರ ಹೊರ್ತೀನಿ" ಎಂದುಬಿಟ್ಟರು. ತುಪ್ಪದ ಧೈರ್ಯ ಕೈ ತೊಳೆಯುವವರೆಗೆ ಮಾತ್ರ ಇರುತ್ತದೆ. ಮನೆಗೆ ಬರುವಷ್ಟರಲ್ಲಿ ಅದು ಪೂರ್ತಿ ಇಳಿದುಹೋಗಿತ್ತು.

ತಿಪಟೂರಿಗೆ ಬಸ್ಸಿನಲ್ಲಿ ಹೋಗಿ ಇಂಗ್ಲಿಷ್ ವಿಷಯ ತೆಗೆದುಕೊಂಡು ಡಿಗ್ರಿ ಓದುತ್ತಿದ್ದ ಮಗಳು ಕೃತಿಕಾಳೇ ಗತಿಯಾದಳು. ರೇಣುಕಪ್ರಸಾದರು ಮಗಳ ಮುಂದೆ ಎದ್ದು ನಿಂತು, ಪಂಚೆ ಸರಿಪಡಿಸಿಕೊಂಡು, ತಾವೇ ತಯಾರಿಸಿದ ಭಾಷಣ ಒಪ್ಪಿಸಿದರು.

"ಫಾರ್ಮರ್ ಸ್ಟ್ರಗಲ್ ವಿತ್ ನುಸಿ. ಫಾರ್ಮರ್ ಸ್ಟ್ರಗಲ್ ವಿತ್ ಮಂಕಿ. ಫಾರ್ಮರ್ ಸ್ಟ್ರಗಲ್ ವಿತ್ ಕರೆಂಟ್. ಫಾರ್ಮರ್ ಸ್ಟ್ರಗಲ್ ವಿತ್ ರೇಟ್."

"ಅಪ್ಪಾ, ಕೇಳೋರಿಗೆ ಮಿಕ್ಸಿ ಓಡಿದಂಗಾಯ್ತದೆ" ಎಂದಳು ಕೃತಿಕಾ. "ನಾವು ಒದ್ದಾಡೋದು, ಹೆಣಗಾಡೋದು, ಗುದ್ದಾಡೋದು, ಪರದಾಡೋದು ಅಂತ ಬೇರೆ ಬೇರೆ ಅನ್ನಲ್ವಾ? ಇಂಗ್ಲೀಷಲ್ಲೂ ಹಂಗೇ. ಮಂಗ ಹಿಡ್ಕೊಂಡಿರೋ ಎಳನೀರ ನೀನು ಈ ಕಡೆಯಿಂದ ಎಳೀತೀಯಲ್ಲ, ಅದು ಟಸಲ್. ಹೋರಿ ಕೊಂಬಿಗೆ ಕೈ ಹಾಕಿ ಬಿಗಿಯಾಗಿ ಹಿಡ್ಕೊಂಡ್ರೆ ಗ್ರ್ಯಾಪಲ್. ತಬ್ಕೊಂಡು ನೆಲಕ್ಕುರುಳಿ ಹೊರಳಾಡಿದ್ರೆ ರೆಸಲ್. ಕೈಕಾಲು ಬಡಿದ್ರೆ ಥ್ರ್ಯಾಶ್. ಹೊಟ್ಟೆನೋವು ಬಂದು ಎರೆಹುಳದಂಗೆ ಮೈ ತಿರುಚ್ಕೊಂಡ್ರೆ ರೈದ್."

"ರೇಟಿಗೆ ಯಾವ್ದು ಹಾಕ್ಲಿ?"

"ರೇಟಿನ ಜೊತೆ ರೆಸಲ್ ಅನ್ನು."

"ರೇಟ ತಬ್ಕೊಂಡು ನೆಲಕ್ಕೆ ಉರುಳೋಕಾಯ್ತದೇನಮ್ಮಾ? ಅದು ಎಲ್ಲೈತೆ ಅಂತ ತಬ್ಕೊಳ್ಳಲಿ?"

"ಅದು ಮಾತಿನ ಅಲಂಕಾರ ಅಪ್ಪಾ. ಮೊದ್ಲು ಮೈಗೆ ಬರ್ಲಿ, ಆಮೇಲೆ ಮಾತಿಗೆ ತಾನಾಗೇ ಬತ್ತದೆ. ಒಂದೊಂದನ್ನೂ ಆಕ್ಟ್ ಮಾಡ್ಕೊಂಡು, ಬಾಯಲ್ಲಿ ಹೇಳ್ಕೊಂಡು ಕಲಿ" ಎಂದು ಕೃತಿಕಾ ಬ್ಯಾಗು ಎತ್ತಿಕೊಂಡು ಬಸ್ಸಿಗೆ ಓಡಿದಳು. ಶಿಕ್ಷಣದಲ್ಲಿ ಹೊಸ ವಿಧಾನಗಳನ್ನು ತರುವವರು ಯಾವಾಗಲೂ ಹೀಗೆಯೇ, ಹೇಳಿ ಬಸ್ಸು ಹತ್ತಿಬಿಡುತ್ತಾರೆ.

ಐವತ್ತು ದಾಟಿದ, ಮುಂದೆ ಒಂದಷ್ಟು ಹೊಟ್ಟೆಯನ್ನೂ ಇಟ್ಟುಕೊಂಡ ಸಂಘದ ಅಧ್ಯಕ್ಷರು ನೆಲಕ್ಕುರುಳಿ ಹೊರಳಾಡಬೇಕೆಂದರೆ ಗುಟ್ಟಾದ ಜಾಗ ಬೇಕು. ತೋಟದಲ್ಲಿ ಚಿರತೆ, ಹಜಾರದಲ್ಲಿ ಮಂಗಳಮ್ಮ. ಉಳಿದದ್ದು ಅಟ್ಟ. ನಮ್ಮ ಕಡೆ ಅಟ್ಟವೆಂದರೆ ವರ್ಷದ ಅನ್ನ. ಕಿತ್ತ ತೆಂಗಿನಕಾಯಿಗಳನ್ನು ಅಲ್ಲಿ ಗುಡ್ಡೆ ಹಾಕಿ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುವ ತನಕ, ಹೆಚ್ಚುಕಡಿಮೆ ಒಂದು ವರ್ಷ, ಮುಟ್ಟುವುದಿಲ್ಲ. ಅಲ್ಲಿರುವುದು ಲಕ್ಷ್ಮಿಯಾದ್ದರಿಂದ ಚಪ್ಪಲಿ ಮೆಟ್ಟಿ ಹತ್ತುವಂತಿಲ್ಲ. ಸುಮ್ಮಸುಮ್ಮನೆ ಹತ್ತಿ ಕಾಯಿ ಕದಲಿಸಿದವರನ್ನು ಮಂಗಳಮ್ಮ ಗಂಡನೆಂದೂ ನೋಡುತ್ತಿರಲಿಲ್ಲ.

ಆದ್ದರಿಂದ ರೇಣುಕಪ್ರಸಾದರು ಹೆಂಡತಿಗೆ "ನೊಣವಿನಕೆರೆಗೆ ಹೋಗಿ ಬತ್ತೀನಿ" ಎಂದು ಸುಳ್ಳು ಹೇಳಿ ಮುಂಬಾಗಿಲಿಂದ ಹೊರಟು, ಆಕೆ ಹಿತ್ತಲಿಗೆ ಬಟ್ಟೆ ಒಗೆಯಲು ಹೋದ ಕೂಡಲೇ ಅದೇ ಬಾಗಿಲಿಂದ ಒಳಗೆ ಬಂದರು. ಏಣಿಯ ಬುಡದಲ್ಲಿ ವಾಡಿಕೆಯಂತೆ ಚಪ್ಪಲಿ ಬಿಟ್ಟರು. ಹೆಣಗುವಾಗ ಹಿಡಿಯಲು ಏನಾದರೂ ಬೇಕಲ್ಲ, ತೆಂಗಿನ ಸಿಪ್ಪೆ ತುಂಬಿದ ಗೋಣಿಚೀಲವೊಂದಕ್ಕೆ ತಮ್ಮ ಹಳೆಯ ಬನೀನು ತೊಡಿಸಿ ಎದುರಾಳಿಯನ್ನು ಸಿದ್ಧಮಾಡಿಕೊಂಡರು. ಅಟ್ಟದ ಮೇಲೆ ನಡುಹಗಲಲ್ಲೂ ಕತ್ತಲು. ಬೀದಿಯ ಕಡೆ ಒಂದು ಸಣ್ಣ ಕಿಂಡಿ, ಹಿತ್ತಲ ಕಡೆ ಕೋತಿಗಳು ಹೆಂಚು ಸರಿಸಿ ಮಾಡಿದ ಒಂದು ಸಂದು, ಅಷ್ಟೇ ಬೆಳಕು.

"ಐ ರೆಸಲ್" ಎಂದು ಪಿಸುಗುಟ್ಟಿ, ಚೀಲವನ್ನು ತಬ್ಬಿ ಅವರು ದಬಾರನೆ ಬಿದ್ದರು.

ಪಕ್ಕದ ಮನೆಯ ಪುಟ್ಟಗಂಗಮ್ಮ ಗೋಡೆಯಾಚೆ ಮೇಕೆಗೆ ಸೊಪ್ಪು ಹಾಕುತ್ತಿದ್ದಳು. ಮೇಲೆ ದಬ್ ಎಂದಿತು. ಆಮೇಲೆ ಏದುಸಿರು. ಆಮೇಲೆ ಕಾಯಿಗಳೆಲ್ಲ ಗಡಗಡ ಉರುಳಿದವು. "ಹ್ಹಾ" ಎಂದಿತು. ಮತ್ತೆ ದಬ್. ಅವಳು ಸೊಪ್ಪು ಎಸೆದು ಹುಚ್ಚರಂಗಯ್ಯನವರನ್ನು ಕರೆದುಕೊಂಡು ಬಂದಳು.

ಹುಚ್ಚರಂಗಯ್ಯನವರ ವಿಷಯ ಹೇಳಬೇಕು. ಅವರು ನಮ್ಮೂರಿನ ಕಿವಿ. ಗೋಡೆಗೆ ಕಿವಿಯಿಟ್ಟು, ಅಟ್ಟದ ಮೇಲೆ ಇಲಿ ಓಡಿದಾಗ ಉರುಳುವ ಕಾಯಿಯ ದನಿ ಕೇಳಿಯೇ ಕೊಬ್ಬರಿ ಆಗಿದೆಯೋ ಇನ್ನೂ ತಿಂಗಳು ಬೇಕೋ ಎಂದು ಅಪ್ಪಣೆ ಕೊಡಿಸುತ್ತಿದ್ದರು. ಅವರು ಹೇಳಿದ್ದು ಸುಳ್ಳಾದದ್ದೂ ಉಂಟು. ಹಾಗಾದಾಗ ಊರವರು ಕಾಯಿಯನ್ನು ಬೈಯುತ್ತಿದ್ದರು, ಅವರನ್ನಲ್ಲ.

ಅವರು ಗೋಡೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದರು. ಬೀದಿಯವರೆಲ್ಲ ಬಂದು ಸುತ್ತ ನೆರೆದರು.

"ಇಲಿ ಅಲ್ಲ. ಇಲಿ ಓಡಿದ್ರೆ ಕಾಯಿ ಒಂದೊಂದೇ ಉರುಳ್ತವೆ. ಕೋತೀನೂ ಅಲ್ಲ, ಕೋತಿ ಒಂದೇ ಕಡೆ ಇರಾಕಿಲ್ಲ. ಇದು ಮೈ ಹಾಕಿ ಹೊರಳ್ತಾ ಐತೆ." ಕಣ್ಣು ತೆರೆದರು. "ಚಿರತೆ ಕಣ್ರಪ್ಪಾ. ಹೆಣ್ಣು. ಹೊಟ್ಟೆ ನೆಲಕ್ಕೆ ಬಡೀತಾ ಐತೆ. ತುಂಬಿದ ಬಸುರಿ."

"ಚಿರತೆ! ರೇಣುಕಣ್ಣನ ಅಟ್ಟದ ಮೇಲೆ ಚಿರತೆ!" ಎಂದು ಬೀದಿ ಕೂಗಿತು.

ಆ ಕೂಗು ಕಿಂಡಿಯಿಂದ ಅಟ್ಟದೊಳಗೆ ಬಂದಾಗ ರೇಣುಕಪ್ರಸಾದರು ಗೋಣಿಚೀಲದ ಕೆಳಗೆ ರೈದ್ ಮಾಡುತ್ತಿದ್ದರು. ಈ ಕತ್ತಲಲ್ಲಿ, ಈ ಕಾಯಿ ಗುಡ್ಡೆಯ ಆಚೆ, ತಮ್ಮ ಜೊತೆಯಲ್ಲೇ ಚಿರತೆ! ಕೂಗಿದರೆ ಅದಕ್ಕೆ ತಾವಿರುವ ಜಾಗ ತಿಳಿಯುತ್ತದೆ. ಇಳಿಯೋಣವೆಂದರೆ ಏಣಿ ಆ ಕಡೆ. ಅವರು ಚೀಲವನ್ನು ಬಿಗಿಯಾಗಿ ತಬ್ಬಿ ಉಸಿರು ಕಟ್ಟಿ ಮಲಗಿದರು. ಆದರೆ ಕಾಲು ಮಾತು ಕೇಳಬೇಕಲ್ಲ. ಅದು ಗಡಗಡ ನಡುಗಿ ಒಂದು ಕಾಯಿಯನ್ನು ತಳ್ಳಿತು. ಕಾಯಿ ಉರುಳಿತು.

"ಅಗೋ ಎದ್ದೈತೆ!" ಎಂದು ಹೊರಗೆ ಕೂಗಿದರು.

ಎದ್ದಿದೆ ಎಂದು ಕೇಳಿ ಇವರು ಇನ್ನಷ್ಟು ನಡುಗಿದರು. ಇನ್ನಷ್ಟು ಕಾಯಿ ಉರುಳಿದವು. "ಅಗೋ ಓಡಾಡ್ತಾ ಐತೆ!" ಎಂದಿತು ಬೀದಿ. ಅಯ್ಯೋ ಓಡಾಡುತ್ತಿದೆಯಂತೆ ಎಂದು ಇವರ ಹಲ್ಲು ಕಟಕಟ ಎಂದವು. "ಹಲ್ಲು ಮಸೀತಾ ಐತೆ ಕಣ್ಲಾ" ಎಂದರು ಹುಚ್ಚರಂಗಯ್ಯ. ಹೀಗೆ ಒಳಗಿನ ಭಯ ಹೊರಗೂ ಹೊರಗಿನ ಭಯ ಒಳಗೂ ಹೋಗಿಬರುತ್ತ ಎರಡು ಕಡೆಯೂ ಬೆಳೆಯಿತು.

ಅರಣ್ಯ ಇಲಾಖೆಯ ಜೀಪು ಬಂತು. ಆಫೀಸರಮ್ಮ ಉತ್ತರದ ಕಡೆಯಿಂದ ಹೊಸದಾಗಿ ಬಂದಿದ್ದ ಹುಡುಗಿ. ಕನ್ನಡದಲ್ಲಿ ಅವಳಿಗೆ "ಊಟ ಆಯ್ತಾ" ಎಂಬ ಒಂದೇ ವಾಕ್ಯ ಬರುತ್ತಿತ್ತು. ಸೂರ್ಯಪ್ರಕಾಶ ಅಂಗಿಯ ಗುಂಡಿ ಹಾಕಿಕೊಂಡು ದುಭಾಷಿಯಾದ. ಬಸುರಿ ಚಿರತೆಗೆ ಅರಿವಳಿಕೆಯ ಸೂಜಿ ಹೊಡೆಯಬಾರದು, ಮನೆ ಬಾಗಿಲಿಗೆ ಬೋನು ಜೋಡಿಸಿ, ಒಳಗೆ ಮೇಕೆ ಕಟ್ಟಿ, ಅದು ತಾನಾಗಿಯೇ ಇಳಿದು ಬರುವವರೆಗೆ ಕಾಯಬೇಕು ಎಂದು ತೀರ್ಮಾನವಾಯಿತು. ಮೇಕೆ ಪುಟ್ಟಗಂಗಮ್ಮನದು.

"ಚಿರತೆ ಅವ್ರ ಮನೇದು, ಮೇಕೆ ಮಾತ್ರ ನಮ್ಮನೇದಾ?" ಎಂದು ಅವಳು ಜಗಳಕ್ಕೆ ನಿಂತಳು. ಸರ್ಕಾರದ ಕೆಲಸ ಎಂದು ಒಪ್ಪಿಸಿದರು.

ಕೂಗು ಕೇಳಿ ಹಿತ್ತಲಿಂದ ಓಡಿ ಬಂದಿದ್ದ ಮಂಗಳಮ್ಮ, ಈಗ ಗದ್ದಲದಲ್ಲಿ ಬಾಗಿಲಿಂದ ಇಣುಕಿ ಏಣಿಯ ಬುಡ ನೋಡಿದಳು. ಅಲ್ಲಿ ಚಪ್ಪಲಿಯಿತ್ತು. ಎಡಗಾಲಿನದು ಸವೆದು, ದಾರದಲ್ಲಿ ಹೊಲಿದಿದ್ದ, ಊರಿಗೆಲ್ಲ ಪರಿಚಿತವಾದ ಚಪ್ಪಲಿ.

"ಅಯ್ಯಯ್ಯೋ! ನಮ್ಮೆಜಮಾನ್ರು ನೊಣವಿನಕೆರೆಗೆ ಹೋಗಿಲ್ಲ ಕಣ್ರಪ್ಪೋ! ಮ್ಯಾಲೇ ಅವ್ರೆ!"

ಸಾಮಾನ್ಯ ಬುದ್ಧಿಯವರು ಇದನ್ನು ಕೇಳಿದರೆ ಸದ್ದು ಮಾಡುತ್ತಿರುವುದು ಅವರೇ ಇರಬಹುದು ಎನ್ನುತ್ತಿದ್ದರು. ಆದರೆ ನಮ್ಮೂರಲ್ಲಿ ಮೊದಲು ತೀರ್ಪು, ಆಮೇಲೆ ಸಾಕ್ಷಿ. ಹುಚ್ಚರಂಗಯ್ಯನವರು ಚಿರತೆ ಎಂದಾಗಿತ್ತು. ಆದ್ದರಿಂದ ಎಲ್ಲರೂ ಒಮ್ಮನಸ್ಸಿನಿಂದ ಚಿರತೆ ರೇಣುಕಪ್ರಸಾದರನ್ನು ತಿಂದಿದೆ ಎಂದು ತಿಳಿದರು. "ಅದ್ಕೇ ಹೊಟ್ಟೆ ಭಾರ" ಎಂದು ಹುಚ್ಚರಂಗಯ್ಯ ತಮ್ಮ ಮೊದಲ ಮಾತಿಗೊಂದು ಸಣ್ಣ ತಿದ್ದುಪಡಿ ತಂದರು.

ಮಂಗಳಮ್ಮ ಎದೆ ಬಡಿದುಕೊಂಡು ಅತ್ತಳು. "ಒಂದಿನಾನೂ ನಂಗೆ ಎದುರು ಮಾತಾಡ್ದೋರಲ್ಲ. ಹಿತ್ತಲಿಗೂ ನನ್ನ ಮುಂದೆ ಬುಟ್ಕೊಂಡೇ ಹೋಗೋರು. ಅಂಥ ಹೆದ್ರುಪುಕ್ಕಲ ದೇವ್ರಂಥ ಮನುಸ!" ಸಂತೈಸಬೇಕೆಂದು ಆಫೀಸರಮ್ಮ ಅವಳ ಭುಜ ಹಿಡಿದು, ತನಗೆ ಬರುತ್ತಿದ್ದ ಒಂದೇ ವಾಕ್ಯವನ್ನು ಮೃದುವಾಗಿ ಹೇಳಿದಳು. "ಊಟ ಆಯ್ತಾ?" ಮಂಗಳಮ್ಮನ ಅಳು ಇಮ್ಮಡಿಯಾಯಿತು. ಸೂರ್ಯಪ್ರಕಾಶ ಕಣ್ಣೊರೆಸಿಕೊಳ್ಳುತ್ತಲೇ ವಾಟ್ಸಾಪಿನಲ್ಲಿ ಭಾವನ ಫೋಟೋ, ಎರಡು ದೀಪ, "ಭಾವಪೂರ್ಣ ಶ್ರದ್ಧಾಂಜಲಿ" ಹಾಕಿದ. ಕೆಳಗೆ ಸಂಘದ ಹಂಗಾಮಿ ಅಧ್ಯಕ್ಷ ಎಂದು ತನ್ನ ಹೆಸರು ಹಾಕಿಕೊಂಡ.

ಮನುಷ್ಯ ಇರಬಹುದು ಎಂದ ಮೇಲೆ ಕಾಯುವಂತಿಲ್ಲ. ಆಫೀಸರಮ್ಮ ಬೀದಿಯ ಕಡೆ ಏಣಿ ಹಾಕಿಸಿ, ಸೂಜಿ ಹಾರಿಸುವ ಕೋವಿಯನ್ನು ತಾನೇ ಹಿಡಿದು ಹತ್ತಿದಳು. ಒಳಗೆ ರೇಣುಕಪ್ರಸಾದರು ನೋಡುತ್ತಾರೆ, ಕಿಂಡಿಯಿಂದ ಕೋವಿಯ ಮೂತಿ ಒಳಗೆ ಬರುತ್ತಿದೆ. ಅದರ ಹಿಂದೆ ಇಂಗ್ಲಿಷಿನಲ್ಲಿ ಪಿಸುಮಾತು. ಮೂತಿ ಕತ್ತಲಲ್ಲಿ ಆಚೆ ಈಚೆ ಅಲ್ಲಾಡಿ ನೇರವಾಗಿ ಅವರ ಹೊಟ್ಟೆಗೆ ಗುರಿ ಇಟ್ಟಿತು.

ಕತ್ತಲಲ್ಲಿ ಚಿರತೆ, ಬೆಳಕಲ್ಲಿ ಕೋವಿ. ಸಾಯುವುದಂತೂ ಖಂಡಿತ ಎಂದುಕೊಂಡರು. ಕೋವಿ ಹಿಡಿದವಳಿಗೆ ಕನ್ನಡ ತಿಳಿಯದು. ಅವಳ ಭಾಷೆಯಲ್ಲೇ ಏನಾದರೂ ಹೇಳಬೇಕು, ಈಗಲೇ ಹೇಳಬೇಕು. ರೇಣುಕಪ್ರಸಾದರ ಬಾಯಿ ಬೆಳಗಿನಿಂದ ಯಾವ ಮಾತಿಗೆ ಪಳಗಿತ್ತೋ ಅದೇ ಹೊರಗೆ ಬಂತು. ಅವರು ಚೀಲವನ್ನು ಅವಚಿಕೊಂಡು, ಕಣ್ಣು ಮುಚ್ಚಿ, ಗಂಟಲು ಹರಿಯುವಂತೆ ಅರಚಿದರು.

"ಮ್ಯಾಡಮ್! ಐ ರೆಸಲ್! ಐ ಗ್ರ್ಯಾಪಲ್! ಐ ಟಸಲ್! ನೋ ಗನ್ ಮ್ಯಾಡಮ್! ಐ ಥ್ರ್ಯಾಶ್! ಐ ರೈದ್!"

ಕೋವಿ ಸರಕ್ಕನೆ ಹಿಂದಕ್ಕೆ ಹೋಯಿತು. ಆಫೀಸರಮ್ಮ ಏಣಿಯ ಮೇಲಿಂದ ಸೂರ್ಯಪ್ರಕಾಶನಿಗೆ ಏನೋ ಕೂಗಿದಳು. ಅವನ ಮುಖ ಬಿಳಿಚಿಕೊಂಡಿತು. ಆದರೂ ದುಭಾಷಿಯ ಧರ್ಮ ಬಿಡಲಿಲ್ಲ.

"ಭಾವ ಬದುಕವ್ರೆ! ಬರಿಗೈಲಿ ಚಿರತೆ ಜೊತೆ ಗುದ್ದಾಡ್ತಾ ಅವ್ರಂತೆ! ಗನ್ ಬ್ಯಾಡವಂತೆ!"

ಮೇಲಿಂದ ಒಂದೊಂದೇ ಕೂಗು ಬರುತ್ತಿತ್ತು, ಕೆಳಗೆ ಸೂರ್ಯಪ್ರಕಾಶ ಕ್ರಿಕೆಟ್ ವೀಕ್ಷಕ ವಿವರಣೆಯಂತೆ ಬಿಡಿಸಿ ಹೇಳುತ್ತಿದ್ದ. "ಈಗ ಬಿಗಿಯಾಗಿ ಹಿಡ್ಕೊಂಡವ್ರೆ... ಈಗ ಎಳೆದಾಡ್ತಾ ಅವ್ರೆ... ಈಗ ತಬ್ಕೊಂಡು ಉರುಳ್ತಾ ಅವ್ರೆ..." ಪ್ರತಿಯೊಂದಕ್ಕೂ ಜನ "ಓಹೋ" ಎಂದು ಚಪ್ಪಾಳೆ ತಟ್ಟಿದರು. ಮೈಗೆ ಬಂದದ್ದು ಮಾತಿಗೂ ಬಂದಿತ್ತು, ಕೃತಿಕಾ ಹೇಳಿದಂತೆಯೇ. ಆದರೆ ಪಾಠದ ಫಲ ನೋಡಲು ಅವಳು ಊರಲ್ಲಿರಲಿಲ್ಲ.

ಇನ್ನು ಅಟ್ಟದ ಮೇಲಿರಲು ರೇಣುಕಪ್ರಸಾದರಿಗೆ ಧೈರ್ಯ ಉಳಿಯಲಿಲ್ಲ. ಚೀಲವನ್ನು ಎಸೆದು, ಕಾಯಿಗಳ ಮೇಲೆ ಜಾರಿ ಬಿದ್ದೆದ್ದು, ಏಣಿಯನ್ನು ಮೆಟ್ಟಿಲಿಲ್ಲದಂತೆ ಇಳಿದು, ಬಾಗಿಲ ಬೆಳಕು ಕಂಡ ಕಡೆಗೆ ಓಡಿದರು. ಬಾಗಿಲಿಗೆ ಬೋನು ಜೋಡಿಸಿತ್ತು. ಅವರು ಒಳಗೆ ನುಗ್ಗಿದ ಕೂಡಲೇ ಹಿಂದೆ ಕಬ್ಬಿಣದ ಬಾಗಿಲು ಧಡಾರನೆ ಬಿತ್ತು. ಮೇಕೆ "ಮ್ಯಾ" ಎಂದಿತು. ಅವರೂ ಹಾಗೆಯೇ ಏನೋ ಅಂದರು.

ಅಂಗಿ ಹರಿದಿತ್ತು. ಗೋಣಿ, ಸಿಪ್ಪೆ ತರಚಿ ತೋಳೆಲ್ಲ ಗೀರುಗೀರು. "ಉಗುರು ನೋಡ್ರಪ್ಪಾ, ಉಗುರು!" ಎಂದು ಜನ ಬೋನಿಗೆ ಮುತ್ತಿದರು. ಸಿಬ್ಬಂದಿ ಕೋಲು ಹಿಡಿದು ಅಟ್ಟ ಹತ್ತಿ ನೋಡಿ, ಚಿರತೆ ಇಲ್ಲವೆಂದು ಇಳಿದರು. ಹುಚ್ಚರಂಗಯ್ಯನವರು ಹಿತ್ತಲಿಗೆ ಹೋಗಿ ಕೋತಿಗಳು ಹೆಂಚು ಸರಿಸಿದ್ದ ಸಂದನ್ನು ನೋಡಿ ಬಂದು ಕೇಸು ಮುಗಿಸಿದರು. "ಅಲ್ಲಿಂದಾನೇ ಓಡೋಗೈತೆ. ರೇಣುಕಪ್ಪನ ಏಟು ತಡಿಯಾಕಾಗ್ಲಿಲ್ಲ, ಬಸುರಿ ಬೇರೆ, ಪಾಪ."

ಬೋನಿನ ಪಕ್ಕ ಪುಟ್ಟಗಂಗಮ್ಮ ಎಲ್ಲರಿಗೂ ಮೊದಲಿಂದ ಹೇಳುತ್ತಿದ್ದಳು. "ಮೊದ್ಲು ದಬ್ ಅಂತು. ಆಮೇಲೆ ಹ್ಹಾ ಅಂತು. ಆಮೇಲೆ ಗೋಣಿ ಎಳೆದಂಗೆ ಪರಪರ ಅಂತು. ಮತ್ತೆ ದಬ್ ಅಂತು..."

ಕೇಳುತ್ತ ಕೇಳುತ್ತ ರೇಣುಕಪ್ರಸಾದರ ಮುಖ ಬಾಡಿತು. ಆ ದಬ್ ಯಾರದೆಂದು ಅವರಿಗೆ ಗೊತ್ತು. ಆ ಹ್ಹಾ ಕೂಡ ಗೊತ್ತು. ಚಿರತೆ ಇರಲೇ ಇಲ್ಲ! ಆ ಕ್ಷಣದಲ್ಲಿ ಅವರಿಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಚಿರತೆಗಿಂತ ದೊಡ್ಡ ಭಯ ಹಿಡಿಯಿತು. ಈಗ ನಿಜ ಹೇಳಿದರೆ ಜನ್ಮವೆಲ್ಲ ಊರು ನಗುತ್ತದೆ. ಹೇಳೋಣವೆಂದು ಅವರು ಬಾಯಿ ತೆರೆದರು. ಅಷ್ಟರಲ್ಲಿ ಸೂರ್ಯಪ್ರಕಾಶ ಬೋನಿನ ಸರಳಿನ ನಡುವೆ ಕೈ ತೂರಿಸಿ, ಎಲ್ಲರೆದುರು ಅವರ ಕಾಲು ಮುಟ್ಟಿ, "ಭಾವಾ, ನಿಮ್ಮ ಇಂಗ್ಲೀಷಿಗೆ ನಾನು ಸೋತೆ" ಎಂದು ಬಿಕ್ಕಿದ. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು.

ಸಂಜೆ ಬಸ್ಸಿಳಿದು ಬಂದ ಕೃತಿಕಾ ಎಲ್ಲವನ್ನೂ ಕೇಳಿ, ಅಟ್ಟ ಹತ್ತಿ ಇಳಿದಳು. ಅಪ್ಪನ ಕಿವಿಯ ಬಳಿ ಬಗ್ಗಿ, "ಅಪ್ಪಾ, ಚಿರತೆ ಬನೀನು ಹಾಕ್ಕೊಂಡಿತ್ತಾ?" ಎಂದಳು.

"ನಿಮ್ಮಮ್ಮಂಗೆ ಹೇಳ್ಬ್ಯಾಡ ಕಣಮ್ಮಾ" ಎಂದರು ಅವರು ಅಳುವ ದನಿಯಲ್ಲಿ.

ಸಂಘದ ಸಭೆಯಲ್ಲಿ ಸ್ವಾಗತ ಭಾಷಣವೇ ಬೇಕಾಗಲಿಲ್ಲ. ಆಫೀಸರಮ್ಮನೇ ಬಂದು ವಿಜ್ಞಾನಿಗೆ ಇವರ ಸಾಹಸವನ್ನು ಇಂಗ್ಲಿಷಿನಲ್ಲಿ ವರ್ಣಿಸಿದಳು. ಇವರ ಐದೂ ಮಾತುಗಳು ಅದರಲ್ಲಿ ಬಂದವು. ಒಂದೊಂದು ಬಂದಾಗಲೂ ರೇಣುಕಪ್ರಸಾದರು ಶಾಲು ಹೊದ್ದುಕೊಂಡು ನಡುಗಿದರು. ಅದನ್ನು ಜನ ವಿನಯ ಎಂದರು. ಮಂಗಳಮ್ಮ ಆವತ್ತಿನಿಂದ ಹಿತ್ತಲಿಗೆ ಹೋಗುವಾಗ ಗಂಡನನ್ನೇ ಮುಂದೆ ಬಿಡತೊಡಗಿದಳು. ಬೇಡವೆನ್ನಲು ಅವರಿಗೆ ಯಾವ ನ್ಯಾಯವೂ ಹೊಳೆಯಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ದಬ್ಬೇಘಟ್ಟದ ಕಡೆಯಿಂದ ಟ್ರ್ಯಾಕ್ಟರ್ ತುಂಬ ಜನ ಬಂದರು. ಅಲ್ಲಿ ಒಂದು ಹಳೆ ಪಂಪ್‌ಮನೆಯಲ್ಲಿ ಚಿರತೆ ಸೇರಿಕೊಂಡಿತ್ತು. ಈ ಸಲ ಯಾರ ಕಿವಿಯೂ ಬೇಕಿರಲಿಲ್ಲ. ಬಾಲದ ಸಮೇತ ಕಣ್ಣಾರೆ ನೋಡಿದ್ದರು, ಮೊಬೈಲಿನಲ್ಲಿ ಫೋಟೋ ಇತ್ತು.

"ಇಲಾಖೆಯೋರು ಬರೋದು ಲೇಟಾಯ್ತದೆ. ರೇಣುಕಪ್ಪೋರು ಎಲ್ಲಿ? ಸುಮ್ನೆ ಬಂದು ಹಿಡ್ಕೊಟ್ರೆ ಸಾಕು" ಎಂದರು ಹೂವಿನ ಹಾರ ಹಿಡಿದವರು.

"ಭಾವಾ!" ಎಂದು ಸೂರ್ಯಪ್ರಕಾಶ ಹೆಮ್ಮೆಯಿಂದ ಕೂಗಿದ. ಹಜಾರ ನೋಡಿದರು, ಹಿತ್ತಲು ನೋಡಿದರು. ಮಂಗಳಮ್ಮ ಏಣಿಯ ಬುಡ ನೋಡಿದಳು. ಚಪ್ಪಲಿ ಇರಲಿಲ್ಲ. ಲಕ್ಷ್ಮಿ ಇರುವ ಕಡೆ ಚಪ್ಪಲಿ ಒಯ್ಯುವವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲವಾದ್ದರಿಂದ ಅಟ್ಟದ ಮೇಲೆ ಯಾರೂ ಇಲ್ಲವೆಂದು ನಿಶ್ಚಯವಾಯಿತು. ಆದರೆ ಮೇಲೆ ಒಂದು ಕಾಯಿ ಮೆಲ್ಲನೆ ಉರುಳಿತು. ಆಮೇಲೆ ಇನ್ನೊಂದು.

ಎಲ್ಲರೂ ಹುಚ್ಚರಂಗಯ್ಯನವರ ಮುಖ ನೋಡಿದರು. ಅವರು ಗೋಡೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿದರು.

"ಚಿರತೆ ಅಲ್ಲ ಬುಡ್ರಪ್ಪಾ" ಎಂದರು ಕೊನೆಗೆ. "ಇಲಿ. ನಡುಗ್ತಾ ಐತೆ."